ಮತ್ತೆ ಕಪ್ಪಾದ ಮೀನುಗಳು

ಮಿತ್ಸುಯೊಳನ್ನು ನಾರಾ ನಗರದ ಆಸ್ಪತ್ರೆಗೆ ಸೇರಿಸಿದ ದಿನ ಕೊಳದ ಮೀನುಮರಿಗಳಿಗೆ ಐವತ್ತೆರಡು ದಿನ ತುಂಬಿತ್ತು. ಅವಳ ಹೊಟ್ಟೆಯಲ್ಲಿದ್ದ ಮಗುವಿಗೆ ಏಳು ತಿಂಗಳು. ಹೆರಿಗೆಯಾಗುವವರೆಗೆ ಮಲಗಿಯೇ ಇರಬೇಕು, ಒಂದು ಮೆಟ್ಟಿಲೂ ಹತ್ತಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳ ಜೊತೆಗಿರಲು ತಾಯಿ ಕಿಕುನೊ ಹಾಸಿಗೆಯ ಗಂಟು ಕಟ್ಟಿದರು. ಮನೆಯಲ್ಲಿ ಉಳಿಯುವವನು ಅಳಿಯ ತೊಕುಜಿ ಒಬ್ಬನೇ.

ನಮ್ಮ ಕೊರಿಯಾಮಾದಲ್ಲಿ ಜೂನ್ ನಡುವೆ ಯಾರೂ ಕೊಳ ಬಿಟ್ಟು ಹೋಗುವುದಿಲ್ಲ. ಏಪ್ರಿಲಿನಲ್ಲಿ ಮೊಟ್ಟೆಯೊಡೆದ ಚಿನ್ನದ ಮೀನಿನ ಮರಿಗಳು ಅಷ್ಟು ಹೊತ್ತಿಗೆ ಬೆರಳಿನ ಒಂದು ಗೆಣ್ಣಿನಷ್ಟಾಗಿರುತ್ತವೆ. ಬಣ್ಣ ಮಾತ್ರ ಕೆಸರಿನದೇ. ಅದನ್ನು ನಾವು ‘ಕಬ್ಬಿಣ’ ಎನ್ನುತ್ತೇವೆ. ಮಳೆಗಾಲ ಮುಗಿದು ಬಿಸಿಲು ಬಿದ್ದಮೇಲೆ ಹೊಟ್ಟೆಯ ಕಡೆಯಿಂದ ಆ ಕಪ್ಪು ಕಳಚಿಕೊಳ್ಳುತ್ತಾ ಬರುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಕೆಲವು ಬೆಳ್ಳಗಾಗಿ ಹೋಗುತ್ತವೆ, ಕೆಲವು ಬದುಕಿರುವವರೆಗೂ ಕಬ್ಬಿಣವೇ. ಒಂದೊಂದನ್ನೇ ಬೋಗುಣಿಗೆ ಹಾಕಿಕೊಂಡು ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುವ ಕೆಲಸ ಇದೆಯಲ್ಲ, ಅದರ ಮೇಲೆಯೇ ಆ ಮನೆಯ ಹೆಸರು ನಿಂತಿರುತ್ತದೆ.

ಹಿಗಾಶಿನೊ ಮನೆಯಲ್ಲಿ ಆ ಕೆಲಸ ಮಿತ್ಸುಯೊಳದು. ಅದಕ್ಕೆ ಮೊದಲು ಅವಳ ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತೊಕುಜಿ ಯೋಶಿನೊ ಬೆಟ್ಟದ ಕಡೆಯವನು, ಮರ ಕೊಯ್ಯುವವರ ಮನೆಯ ಮೂರನೇ ಮಗ. ಗಂಡುಮಕ್ಕಳಿಲ್ಲದ ಈ ಮನೆಗೆ ಆರು ವರ್ಷದ ಹಿಂದೆ ಮನೆಯಳಿಯನಾಗಿ ಬಂದು, ಮನೆಯ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡವನು. ಹಾಗಾಗಿ ಓಣಿಗೆಲ್ಲ ಅವನು ‘ಅಳಿಯ’. ಕೊಳ ಬತ್ತಿಸಿ ಕೆಸರೆತ್ತುವುದು, ಪಂಪು ರಿಪೇರಿ, ಏರಿ ಕಟ್ಟುವುದು, ಮೇವಿನ ಮೂಟೆ ಹೊರುವುದು, ಭಾರದ್ದೆಲ್ಲ ಅವನ ಪಾಲು. ಕೈಬಲೆ ಮಾತ್ರ ಅವನು ಮುಟ್ಟಿದವನಲ್ಲ.

ಗಂಟು ಕಟ್ಟುತ್ತಿದ್ದ ತಾಯಿಗೆ ಮಿತ್ಸುಯೊ ಮಲಗಿದ್ದಲ್ಲಿಂದಲೇ ಹೇಳಿದಳು:

“ಅಮ್ಮಾ, ಯಾವೊದಿಂದ ಅಸಾಕೊನ ಕರೆಸೋಣ. ಬಣ್ಣ ನೋಡೋಕೆ ಒಬ್ರು ಬೇಕಲ್ಲ.” ಅಸಾಕೊ ಅವಳ ಚಿಕ್ಕಪ್ಪನ ಮಗಳು, ಯಾವೊ ಊರಿನವಳು.

“ಯಾಕೆ, ಮನೇಲಿ ಗಂಡಸು ಇಲ್ವಾ? ಆರು ವರ್ಷದಿಂದ ಇದೇ ಕೊಳದ ನೀರಲ್ಲಿ ಕಾಲು ತೊಳೀತಿದ್ದಾನೆ. ಕೆಂಪು ಯಾವ್ದು, ಕಬ್ಬಿಣ ಯಾವ್ದು ಅಂತ ಹೇಳೋಕೆ ಯಾವೊದಿಂದ ಬೇರೆ ಬರ್ಬೇಕಾ?”

“ಹಾಗಲ್ಲಮ್ಮ. ಅವರಿಗೆ ಕೆಲಸ ಜಾಸ್ತಿ ಆಗುತ್ತೆ.”

“ಏನ್ ತೊಕುಜಿ, ಜಾಸ್ತಿ ಆಗುತ್ತಾ?”

“ಇಲ್ಲ ಅತ್ತೆ. ನಾನು ನೋಡ್ಕೋತೀನಿ,” ಎಂದ ತೊಕುಜಿ.

ಮಿತ್ಸುಯೊ ದಿಂಬಿನಿಂದ ತಲೆ ಎತ್ತಿದಳು. ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ತನ್ನ ಮೇಲೆ ಇವಳಿಗೆ ನಂಬಿಕೆಯಿಲ್ಲ ಎಂದು ಅವನು ಅಂದುಕೊಂಡ.

ಯೋಶಿನೊದ ಶಾಲೆಯಲ್ಲಿ ಎರಡನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಒಂದು ಪುಸ್ತಕ ತಂದಿದ್ದರು. ಪುಟದ ತುಂಬ ಬಣ್ಣಬಣ್ಣದ ಚುಕ್ಕಿಗಳ ವೃತ್ತ. ಎಲ್ಲ ಮಕ್ಕಳೂ ಅದರೊಳಗಿದ್ದ ಅಂಕಿಯನ್ನು ಪಟಪಟನೆ ಓದಿದರು. ತೊಕುಜಿಗೆ ಕಂಡದ್ದು ಚುಕ್ಕಿಗಳು ಮಾತ್ರ. ಅವನು ತಮಾಷೆ ಮಾಡುತ್ತಿದ್ದಾನೆಂದು ಮೇಷ್ಟ್ರು ಮೊದಲು ಗದರಿದರು, ಆಮೇಲೆ ಮೆತ್ತಗಾಗಿ ಹಾಜರಿ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಮನೆಗೆ ಬಂದು ಹೇಳಿದಾಗ ಅಮ್ಮ ಕದ ಹಾಕಿ, “ಇದನ್ನ ಇನ್ನು ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನಗೂ ಹೆಣ್ಣು ಸಿಗಲ್ಲ, ನಿನ್ನ ಅಕ್ಕಂದಿರಿಗೂ ಗಂಡು ಸಿಗಲ್ಲ,” ಎಂದಿದ್ದಳು. ಮದುವೆ ಮಾತುಕತೆಗೆ ಬಂದ ಮಧ್ಯಸ್ಥ ಹುಡುಗನಿಗೆ ಕುಡಿತ ಉಂಟೆ, ಎದೆರೋಗ ಉಂಟೆ ಎಂದಷ್ಟೇ ಕೇಳಿದ. ಎರಡೂ ಇರಲಿಲ್ಲ. ಹೆಣ್ಣಿನ ಮನೆಯವರು ಚಿನ್ನದ ಮೀನು ಸಾಕುವವರು ಎಂದು ತಿಳಿದಾಗ ತೊಕುಜಿ ಈ ಮದುವೆ ಬೇಡವೆಂದಿದ್ದ. “ನೀರು ಹೊರೋಕೆ ಕಣ್ಣು ಯಾಕೆ,” ಎಂದು ಅಮ್ಮ ಅವನ ಬಾಯಿ ಮುಚ್ಚಿಸಿದ್ದಳು.

ಆರು ವರ್ಷ ಅಮ್ಮನ ಮಾತೇ ಗೆದ್ದಿತ್ತು.

ಜುಲೈ ಮೊದಲ ವಾರ ಮಳೆ ಹಿಂದಕ್ಕೆ ಸರಿಯಿತು. ಒಂದು ಬೆಳಿಗ್ಗೆ ತೊಕುಜಿ ಮೂರನೇ ಕೊಳದ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರೆ, ಮೇವಿಗೆ ಮೇಲೆದ್ದ ಮರಿಗಳ ನಡುವೆ ಅಲ್ಲಲ್ಲಿ ಒಂದೊಂದು ತಿಳಿಯಾಗಿ ಕಂಡಿತು. ಪಕ್ಕೆಯ ಕೆಳಭಾಗ ಮಸುಕು ಹಳದಿ. ಹಳದಿ ಅವನಿಗೆ ಚೆನ್ನಾಗಿ ಕಾಣುತ್ತದೆ. ಇಷ್ಟು ದಿನ ಸುಮ್ಮನೆ ಹೆದರಿದೆ, ನನಗೂ ಕಾಣುತ್ತದೆ ಎಂದುಕೊಂಡ. ದಿನದಿನಕ್ಕೆ ತಿಳಿ ಮೀನುಗಳು ಹೆಚ್ಚಾದವು. ಭಾನುವಾರ ರೈಲು ಹತ್ತಿ ಆಸ್ಪತ್ರೆಗೆ ಹೋದಾಗ ಅವನ ನಡಿಗೆಯಲ್ಲೇ ಒಂದು ಬಿರುಸು ಇತ್ತು.

“ಬಣ್ಣ ತಿರುಗ್ತಾ ಇದೆಯಾ?” ಅತ್ತೆಯ ಮೊದಲ ಮಾತು ಅದು.

“ತಿರುಗ್ತಾ ಇದೆ ಅತ್ತೆ. ಹೊಟ್ಟೆ ಕಡೆಯಿಂದ.”

“ಮತ್ತೆ ಹೊಟ್ಟೆ ಕಡೆಯಿಂದಲ್ದೆ ಬಾಲದಿಂದ ತಿರುಗುತ್ತಾ? ನೋಡಿದ್ಯೇನೇ, ಅಸಾಕೊ ಬೇಕು ಅಂತಿದ್ದೆ.”

ಮಿತ್ಸುಯೊ ನಕ್ಕಳು. ನಕ್ಕದ್ದು ಸಮಾಧಾನದಿಂದಲೋ ಬೇರೆ ಯಾತಕ್ಕೋ ತಿಳಿಯಲಿಲ್ಲ.

ಆಮೇಲಿನ ವಾರವೇ ಎಲ್ಲ ತಿರುವುಮುರುವಾಯಿತು. ತಿಳಿಯಾಗಿದ್ದ ಮೀನುಗಳು ಮತ್ತೆ ಕಪ್ಪಾಗತೊಡಗಿದವು. ಮೊದಲು ಒಂದೆರಡು ಎನ್ನಿಸಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಹಳದಿ ಇದ್ದ ಅರ್ಧಕ್ಕರ್ಧ ಮೀನು ಮಬ್ಬಾಗಿ ಕೆಸರಿಗೆ ಮರಳಿದ್ದವು. ತೊಕುಜಿ ಮೊಣಕಾಲುದ್ದ ನೀರಿಗಿಳಿದು, ಬೊಗಸೆಯಲ್ಲಿ ಹಿಡಿದು ನೋಡಿದ. ಕಪ್ಪೇ. ಈ ಊರಿನಲ್ಲಿ ಹೀಗಾಯಿತೆಂದು ಯಾರ ಬಾಯಲ್ಲೂ ಅವನು ಕೇಳಿರಲಿಲ್ಲ. ತಾನು ಏನೋ ಮಾಡಬಾರದ್ದು ಮಾಡಿದ್ದೇನೆ, ಅದೇನೆಂದು ಮಾತ್ರ ಗೊತ್ತಾಗುತ್ತಿಲ್ಲ.

ಪಕ್ಕದ ಕೊಳಗಳು ಶಿಗೆಮಾತ್ಸು ಅವರವು. ಅರವತ್ತು ದಾಟಿದ ಮನುಷ್ಯ, ಬಾಯಲ್ಲಿ ಸದಾ ಒಂದು ಹುಲ್ಲುಕಡ್ಡಿ. ತೊಕುಜಿ ಅವರಿಗೆ ಸುತ್ತಿಬಳಸಿ ಕೇಳಿದ:

“ಮಾವ, ಒಂದ್ಸಲ ಬಣ್ಣ ಬಂದ ಮೀನು ಮತ್ತೆ ಕಪ್ಪಾಗುತ್ತಾ?”

“ಆಗುತ್ತಪ್ಪ. ನೀರು ಕೆಟ್ಟು ಮೈ ಸುಟ್ಟಿದ್ರೆ, ವಾಸಿ ಆಗುವಾಗ ಕಪ್ಪು ಕಪ್ಪು ಮಚ್ಚೆ ಬರುತ್ತೆ. ಯಾಕೆ?”

“ಏನಿಲ್ಲ. ಸುಮ್ನೆ ಕೇಳ್ದೆ.”

“ಮೊದಲ್ನೇ ಸಲ ಅಪ್ಪ ಆಗೋರು ಹೀಗೇ. ಏನೇನೋ ಕೇಳ್ತಾರೆ,” ಎಂದು ಶಿಗೆಮಾತ್ಸು ಕಡ್ಡಿಯನ್ನು ಬಾಯಿಯ ಆ ಕಡೆಗೆ ದಾಟಿಸಿದರು.

ನೀರು ಕೆಟ್ಟಿದೆ ಎಂದಾಯಿತು. ತೊಕುಜಿ ಮೂರೂ ಕೊಳಗಳ ನೀರನ್ನು ಮೂರರಲ್ಲೊಂದು ಭಾಗ ತೆಗೆದು ಬಾವಿಯ ನೀರು ಬಿಟ್ಟ, ಉಪ್ಪು ಹಾಕಿದ. ಮೀನು ಇನ್ನಷ್ಟು ಕಪ್ಪಾದವು. ಮೇವಿನ ಅಂಗಡಿಯವನನ್ನು ಕೇಳಿದರೆ ಅವನು ಬೇರೆಯೇ ಹೇಳಿದ: ತಿಳಿನೀರಿನಲ್ಲಿ ಬಣ್ಣ ಏರುವುದಿಲ್ಲ, ನೀರು ಹಸಿರಾಗಲಿ ಬಿಡಿ, ನೆರಳು ತೆಗೆಯಿರಿ. ತೊಕುಜಿ ಜೊಂಡಿನ ತಟ್ಟಿಗಳನ್ನೆಲ್ಲ ಕಿತ್ತು ಬಿಸಿಲು ಬಿಟ್ಟ. ಮಧ್ಯಾಹ್ನ ನೀರು ಬೆಚ್ಚಗಾದಾಗ ಉಸಿರು ಕಟ್ಟುತ್ತದೇನೋ ಎಂದು ಹೆದರಿ ಮತ್ತೆ ಅರ್ಧ ತಟ್ಟಿ ಮುಚ್ಚಿದ. ಮರಿಗಳು ಒತ್ತೊತ್ತಾಗಿವೆ, ಅದೇ ಕಾರಣವಿರಬಹುದು ಎಂದು ಖಾಲಿಯಿದ್ದ ನಾಲ್ಕನೇ ಕೊಳಕ್ಕೆ ನೀರು ತುಂಬಿ ಮೂರರಲ್ಲೊಂದು ಪಾಲನ್ನು ಅಲ್ಲಿಗೆ ಸಾಗಿಸಿದ. ಹೊಲದ ಹಳ್ಳದಲ್ಲಿ ನೀರುಹುಳು ಸೋಸಿ ತಂದು ದಿನಕ್ಕೆ ಮೂರು ಸಲ ಹಾಕಿದ. ಮೀನು ಗಬಗಬನೆ ತಿಂದವು, ಬೆಳೆದವು, ಬೆನ್ನು ದಪ್ಪವಾಯಿತು. ಕಪ್ಪು ಮಾತ್ರ ಇಳಿಯಲಿಲ್ಲ. ರೋಗ ಬಂದ ಮೀನು ಹೀಗೆ ಮುಗಿಬಿದ್ದು ತಿನ್ನುತ್ತದೆಯೇ? ರೋಗವಿಲ್ಲದಿದ್ದರೆ ಬಣ್ಣವೇಕೆ ಹೋಯಿತು? ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಇದನ್ನೇ ಯೋಚಿಸುತ್ತಿದ್ದವನು ಬ್ರಷ್ಷನ್ನು ಕೊಳಕ್ಕೆ ಬೀಳಿಸಿಕೊಂಡ. ಮರಿಗಳು ಅದನ್ನೂ ಮೇವೆಂದು ಮುತ್ತಿದವು.

ಆ ವಾರದಲ್ಲೇ ಶಿಗೆಮಾತ್ಸು ಏರಿಯ ಮೇಲೆ ಹೋಗುತ್ತಾ ನಿಂತು, “ಏನ್ ಅಳಿಯಾ, ನಿನ್ನ ಮೂರನೇ ಕೊಳಕ್ಕೆ ಬೆಂಕಿ ಬಿದ್ದ ಹಾಗಿದೆಯಲ್ಲೋ,” ಎಂದರು.

ತೊಕುಜಿ ಕೈಯಲ್ಲಿದ್ದ ಮೇವಿನ ಬುಟ್ಟಿ ಕೆಳಗಿಟ್ಟ. ಸುಟ್ಟು ಕರಕಲಾಗಿದೆ ಎಂದು ಇವರಿಗೂ ಕಂಡಿದೆ. “ಏನ್ಮಾಡೋದು ಮಾವ, ನನ್ನ ಕೈಲಾದ್ದೆಲ್ಲ ಮಾಡ್ದೆ,” ಎಂದ.

“ಮಾಡಿದ್ದಕ್ಕೇ ಕೇಳ್ತಿರೋದು. ಏನ್ ಹಾಕಿದ್ಯೋ ಹೇಳೋ.”

“ಉಪ್ಪು.”

“ಬರೀ ಉಪ್ಪಾ? ಹೇಳ್ಬಾರ್ದು ಅಂತಿದ್ರೆ ಬಿಡಪ್ಪ,” ಎಂದು ಶಿಗೆಮಾತ್ಸು ಸ್ವಲ್ಪ ಮುನಿಸಿಕೊಂಡೇ ಹೊರಟುಹೋದರು. ಯಾತಕ್ಕೆ ಮುನಿಸು ಎಂದು ತೊಕುಜಿಗೆ ಹೊಳೆಯಲಿಲ್ಲ.

ಜುಲೈ ಇಪ್ಪತ್ತರ ಹೊತ್ತಿಗೆ ಆರಿಸುವ ಕೆಲಸ ಇನ್ನು ತಡೆಯುವಂತಿರಲಿಲ್ಲ. ತೊಕುಜಿ ಹೆಂಡತಿಯ ಗಿಡ್ಡ ಮಣೆಯನ್ನು ತಂದು ಕೊಳದ ಪಕ್ಕದಲ್ಲಿಟ್ಟು, ಬಿಳಿ ಎನಾಮೆಲ್ ಬೋಗುಣಿಗಳನ್ನು ಸಾಲಾಗಿ ಜೋಡಿಸಿದ. ತನ್ನದೇ ಒಂದು ನಿಯಮ ಮಾಡಿಕೊಂಡ. ಹಾಲಿನ ಹಾಗೆ ಬೆಳ್ಳಗಿರುವುದು ಒಂದು ಕಡೆ. ತಿಳಿಯಾಗಿರುವುದು ಬಣ್ಣ ಬಂದದ್ದು, ಅದು ಇರಲಿ. ಕಪ್ಪಾಗಿರುವುದು ಕಬ್ಬಿಣ, ಅದು ಹೋಗಲಿ.

ಮೊದಲ ದಿನ ಎರಡನೇ ಕೊಳ, ಮರುದಿನ ಮೂರನೆಯದು. ಕೈಬಲೆಯಲ್ಲಿ ಒಂದೊಂದೇ ಮೀನು ಬೋಗುಣಿಗೆ ಇಳಿಯುತ್ತಿತ್ತು. ತೊಕುಜಿಗೆ ವಿಚಿತ್ರವೆನಿಸಿದ್ದು ಒಂದೇ. ತಿಳಿ ಮೀನುಗಳಲ್ಲಿ ಹಲವು ಬಡಕಲು, ಈಜುವಾಗ ಒಂದು ಪಕ್ಕಕ್ಕೆ ವಾಲುವಂಥವು. ಕಪ್ಪು ಮೀನುಗಳಾದರೋ ಗುಂಡುಗುಂಡಗೆ, ಬೆನ್ನು ಗಟ್ಟಿ, ಬಾಲ ಬಿಚ್ಚಿದ ಬೀಸಣಿಗೆ. ಬೋಗುಣಿಗೆ ಬಿದ್ದ ತಕ್ಷಣ ಸುತ್ತು ಹೊಡೆದು ಎದುರಿಗೆ ಬಂದು ನಿಲ್ಲುತ್ತಿದ್ದವು. ಅಂಥ ಒಂದನ್ನು ಕಬ್ಬಿಣದ ತೊಟ್ಟಿಗೆ ಹಾಕುವಾಗ ಅವನ ಕೈ ತಡೆಯಿತು. ಇಷ್ಟು ಒಳ್ಳೆಯ ಮೈಗೆ ಒಂದಿಷ್ಟು ಬಣ್ಣ ಬರಬಾರದಿತ್ತೆ ಎಂದು ಮರುಗಿದ. ಬಣ್ಣವಿಲ್ಲದ ಮೀನನ್ನು ಸಾಕುವ ಪದ್ಧತಿ ಈ ಊರಲ್ಲಿಲ್ಲ. ಹಾಕಿದ.

ಕಬ್ಬಿಣವನ್ನು ಆಮೆ ಸಾಕುವವರಿಗೆ ಮೇವಿಗೆಂದು ಒಯ್ಯುವವನು ಮುಕಾಯಿ. ಪೀಪಾಯಿ ತುಂಬಿದ ಸಣ್ಣ ಲಾರಿಯಲ್ಲಿ ಊರು ಸುತ್ತುತ್ತಾನೆ. ಎರಡನೇ ಕೊಳದ್ದನ್ನು ಅವನ ಮಗ ಬಂದು ತೊಟ್ಟಿಯೊಳಗೆ ನೋಡದೆಯೇ ಸುರಿದುಕೊಂಡು ಹೋಗಿದ್ದ. ಮೂರನೆಯದಕ್ಕೆ ಮುಕಾಯಿಯೇ ಬಂದ. ತೊಟ್ಟಿಯ ಮುಚ್ಚಳ ತೆಗೆದವನು ಒಮ್ಮೆ ಮೀನು ನೋಡಿದ, ಒಮ್ಮೆ ತೊಕುಜಿಯನ್ನು ನೋಡಿದ.

“ಇದನ್ನಾ?”

“ಹೂಂ. ಎರಡು ಪೀಪಾಯಿ ಆಗುತ್ತೆ.”

“ಆಮೆಗೆ?”

“ಕಬ್ಬಿಣ ಮತ್ಯಾರಿಗೆ?”

ಮುಕಾಯಿ ತಲೆ ಕೆರೆದುಕೊಂಡ. ಹೆಂಡತಿ ಆಸ್ಪತ್ರೆಯಲ್ಲಿರುವವನ ಜೊತೆ ವಾದ ಬೇಡವೆಂದು ತುಂಬಿಕೊಂಡ. ಮೂವತ್ತು ಹೆಜ್ಜೆ ಆಚೆ ಶಿಗೆಮಾತ್ಸು ಅವರ ಕೊಳದ ಬಳಿ ಲಾರಿ ನಿಲ್ಲಿಸಿದ. ಸ್ವಲ್ಪ ಹೊತ್ತಿನಲ್ಲೇ ಶಿಗೆಮಾತ್ಸು ಏರಿಯ ಮೇಲೆ ಬಿರುಸಾಗಿ ಬಂದರು. ಬಾಯಲ್ಲಿ ಕಡ್ಡಿ ಇರಲಿಲ್ಲ.

“ಏನೋ ಇದು? ಈ ಓಣೀಲೇ ಇಂಥ ಕೆಂಪು ಈ ವರ್ಷ ಯಾರಿಗೂ ಬಂದಿಲ್ಲ. ಆಮೆ ಬಾಯಿಗೆ ಹಾಕ್ತಿದ್ದೀಯಲ್ಲ.”

“ಯಾವ ಕೆಂಪು?”

“ಯಾವ ಕೆಂಪು ಅಂತೀಯಾ? ಅತ್ತೆ ಮೇಲೆ ಸಿಟ್ಟಿದ್ರೆ ಅತ್ತೆ ಹತ್ರ ತೀರಿಸ್ಕೋ. ಮೀನೇನು ಮಾಡಿತ್ತು ನಿನಗೆ?”

“ಸಿಟ್ಟಿಲ್ಲ ಮಾವ. ಏನೋ… ತಪ್ಪಾಯ್ತು.”

“ಎರಡು ಪೀಪಾಯಿ ತಪ್ಪಾಗುತ್ತೇನೋ?”

ತೊಕುಜಿ ಲಾರಿಯ ಹತ್ತಿರ ಹೋಗಿ ಪೀಪಾಯಿಯೊಳಗೆ ಬಗ್ಗಿ ನೋಡಿದ. ಕಪ್ಪು ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಎಷ್ಟು ಹೊತ್ತು ನೋಡಿದರೂ ಅವು ಕಪ್ಪೇ. ಹಾಗಾದರೆ ಹಳದಿಯಿಂದ ಅವು ಹಿಂದಕ್ಕೆ ಹೋಗಿರಲಿಲ್ಲ, ಮುಂದಕ್ಕೆ ಹೋಗಿದ್ದವು. ಅಚ್ಚ ಕೆಂಪಾದಷ್ಟೂ ತನ್ನ ಕಣ್ಣಿಗೆ ಕಪ್ಪು. ಅದು ಅರ್ಥವಾದದ್ದೇ ಅವನಿಗೆ ನಿನ್ನೆ ಹೋದ ಎರಡನೇ ಕೊಳದ ಮೀನುಗಳ ನೆನಪು ಬಂತು.

ಎರಡೂ ಪೀಪಾಯಿಗಳನ್ನು ಶಿಗೆಮಾತ್ಸು ತಮ್ಮ ತೊಟ್ಟಿಗೆ ಇಳಿಸಿಕೊಂಡರು. ನಿನ್ನೆಯವನ್ನು ಆಮೆಗಳು ಮುಗಿಸಿದ್ದವು.

ಮನೆಯಳಿಯ ಮನೆ ಹಾಳುಮಾಡಲು ಹೊರಟಿದ್ದಾನೆ ಎಂಬ ಸುದ್ದಿ ಆಸ್ಪತ್ರೆಗೆ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನದ ರೈಲಿಗೆ ಕಿಕುನೊ ಬಂದಿಳಿದರು. ಮಂಡಿನೋವಿನ ಹೆಂಗಸು, ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದೇ ಬಂದಿದ್ದರು. ಮನೆಯೊಳಗೂ ಹೋಗದೆ ನೇರ ಕೊಳದ ಬಳಿ ಬಂದು ತೊಕುಜಿಯನ್ನು ಕರೆದರು. ಮೂರು ಬೋಗುಣಿಗಳಿಗೆ ನೀರು ಹಾಕಿ, ಒಂದೊಂದರಲ್ಲಿ ಒಂದೊಂದು ಮೀನು ಬಿಟ್ಟು, ಹಲಗೆಯ ಮೇಲೆ ಇಟ್ಟರು.

“ಇದು ಯಾವ ಬಣ್ಣ?”

ತೊಕುಜಿ ಎರಡನೇ ತರಗತಿಯ ಮೇಷ್ಟ್ರ ಎದುರಿಗೆ ಮತ್ತೆ ಬಂದವನಂತೆ ಕೈಕಟ್ಟಿ ನಿಂತಿದ್ದ.

“ಹಳದಿ.”

“ಇದು?”

“ಕಬ್ಬಿಣ.”

“ಇದು?”

ತೊಕುಜಿ ಬಹಳ ಹೊತ್ತು ನೋಡಿದ. ಕೊನೆಗೆ, “ಎರಡನೇದಕ್ಕಿಂತ ಸ್ವಲ್ಪ ಹೆಚ್ಚು ಕಪ್ಪು,” ಎಂದ.

ಕಿಕುನೊ ಅಚ್ಚ ಕೆಂಪು ಮೀನಿದ್ದ ಆ ಮೂರನೇ ಬೋಗುಣಿಯನ್ನು ಎತ್ತಿ ಅವನ ಮುಖದ ಹತ್ತಿರ ಹಿಡಿದರು, ಆಮೇಲೆ ತಮ್ಮ ಮುಖದ ಹತ್ತಿರ ತಂದುಕೊಂಡರು. ನೀರು ತುಳುಕಿ ಅವರ ತೋಳು ಒದ್ದೆಯಾಯಿತು.

“ಹುಟ್ಟಿದಾಗಿಂದಾನಾ?”

“ಹೌದು ಅತ್ತೆ.”

“ಮಧ್ಯಸ್ಥನಿಗೆ ಗೊತ್ತಿತ್ತಾ?”

“ಇಲ್ಲ. ನಮ್ಮಮ್ಮ ಹೇಳ್ಬೇಡ ಅಂದಿದ್ಲು.”

“ನನ್ನ ಮಗಳಿಗೆ?”

“ಅವಳಿಗೂ ಗೊತ್ತಿಲ್ಲ.”

ಕಿಕುನೊ ಬೈಯಲು ಶುರುಮಾಡಿದರು. ಮೊದಲು ಸತ್ತುಹೋದ ಮಧ್ಯಸ್ಥನನ್ನು, ಆಮೇಲೆ ಯೋಶಿನೊದ ಅವನ ತಾಯಿಯನ್ನು, ಆಮೇಲೆ ಅವನನ್ನು. “ಆರು ವರ್ಷ ನನ್ನೆದುರು ಕೂತು ಉಂಡಿದ್ದೀಯ. ಒಂದು ದಿನ, ಒಂದೇ ಒಂದು ದಿನ, ಬಾಯಿ ತೆರೀಬಾರ್ದಿತ್ತಾ? ಬಣ್ಣ ಕಾಣಲ್ಲ ಅಂದಿದ್ರೆ ನಾನೇನು ನಿನ್ನ ಕೊಳಕ್ಕೆ ನೂಕ್ತಿದ್ನಾ?” ಎಂದರು. ಒದ್ದೆ ತೋಳು ಒರೆಸಿಕೊಂಡು, “ನೂಕ್ತಿದ್ನೋ ಏನೋ,” ಎಂದು ತಮಗೆ ತಾವೇ ಹೇಳಿಕೊಂಡರು.

ಆಮೇಲೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಮಣೆಯ ಮೇಲೆ ಕೂತರು. “ಅವಳೊಬ್ಬಳೇ ಇದ್ದಾಳೆ. ನೀನು ಹೋಗಿ ಅಲ್ಲಿ ಕೂತ್ಕೋ. ಇಲ್ಲಿ ನಾನು ನೋಡ್ತೀನಿ.”

ರೈಲಿನಲ್ಲಿ ಕೂತ ತೊಕುಜಿ ಹೆಂಡತಿಗೆ ಹೇಳಬೇಕಾದ ಮಾತನ್ನು ಏಳೆಂಟು ರೀತಿಯಲ್ಲಿ ಜೋಡಿಸಿಕೊಂಡ. ವಾರ್ಡಿನ ಬಾಗಿಲಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

“ನಂಗೆ ಕೆಂಪು ಕಾಣಲ್ಲ,” ಎಂದ.

“ಗೊತ್ತು ರೀ,” ಎಂದಳು ಮಿತ್ಸುಯೊ.

“ಅತ್ತೆ ಫೋನ್ ಮಾಡಿದ್ರಾ?”

“ಅಮ್ಮ ಯಾಕೆ ಮಾಡ್ತಾಳೆ. ಮದುವೆಯಾದ ವರ್ಷಾನೇ ಗೊತ್ತಾಯ್ತು. ಹಿತ್ತಲ ಮರದಿಂದ ಹಣ್ಣಾಗಿರೋ ಪರ್ಸಿಮನ್ ಕಿತ್ಕೊಂಡು ಬನ್ನಿ ಅಂದಿದ್ದೆ. ನೀವು ಒಂದೊಂದನ್ನೂ ಹಿಸುಕಿ ಹಿಸುಕಿ ನೋಡಿ ಕಿತ್ರಿ. ದೂರದಿಂದ ನೋಡಿದ್ರೇನೇ ಕೆಂಪಗೆ ಉರೀತಾ ಇರೋ ಹಣ್ಣು, ಅದನ್ನ ಹಿಸುಕೋದು ಯಾಕೆ ಅನ್ಕೊಂಡೆ. ಆಮೇಲೆ ಅಪ್ಪನಿಗೆ ಹೇಳ್ದೆ.”

“ಅಪ್ಪನಿಗೂ?”

“ಹಾಗಾದ್ರೆ ಅವನ ಕೈಗೆ ಬಲೆ ಕೊಡ್ಬೇಡ, ಪಂಪು ಕೊಡು ಅಂದ್ರು. ಅಮ್ಮನಿಗೆ ಹೇಳೋದು ಬೇಡ, ಅವಳಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ ಅಂದ್ರು. ಅದಕ್ಕೇ ಅಸಾಕೊ ಬರ್ಲಿ ಅಂತ ನಾನು ಬಡ್ಕೊಂಡಿದ್ದು.”

ತೊಕುಜಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಆರು ವರ್ಷ ಯಾರಿಂದ ಮುಚ್ಚಿಟ್ಟಿದ್ದನೋ ಅವರೇ ಅದನ್ನು ಅವನಿಂದ ಮುಚ್ಚಿಟ್ಟಿದ್ದರು. ಭಾರದ ಕೆಲಸ ಕೊಟ್ಟದ್ದು ಮನೆಯಳಿಯನೆಂಬ ತಾತ್ಸಾರದಿಂದ ಎಂದು ಎಷ್ಟೋ ಸಲ ಒಳಗೊಳಗೇ ನೊಂದಿದ್ದ. ಅದು ತಾತ್ಸಾರವಲ್ಲವೆಂದಾದರೆ ಸಂತೋಷಪಡಬೇಕು. ಆದರೆ ತೀರಿಕೊಂಡ ಮಾವ ಕೊಳದ ಏರಿಯ ಮೇಲೆ ನಿಂತು ತನ್ನನ್ನು ನೋಡುತ್ತಿದ್ದ ದಿನಗಳೆಲ್ಲ ಈಗ ಬೇರೆ ಥರ ಕಾಣತೊಡಗಿದವು. ನಾಚಿಕೆಯೋ, ಸಿಟ್ಟೋ, ಹಗುರವೋ, ಅವನಿಗೆ ಬಿಡಿಸಿ ಹೇಳಲಾಗಲಿಲ್ಲ.

“ಒಂದು ಮಾತು ಹೇಳ್ಬಾರ್ದಿತ್ತಾ?”

“ನೀವು ಹೇಳ್ಬಾರ್ದಿತ್ತಾ?”

ಪಕ್ಕದ ಮಂಚದ ಹೆಂಗಸು ಪತ್ರಿಕೆಯ ಹಾಳೆ ಮಗುಚುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಳು.

“ಮಗೂಗೂ ಬರುತ್ತಾ?” ಎಂದು ಕೇಳಿದ ತೊಕುಜಿ.

“ಡಾಕ್ಟರನ್ನ ಕೇಳ್ದೆ. ಗಂಡಾದ್ರೆ ನಿಮ್ಮಿಂದ ಬರಲ್ವಂತೆ. ಹೆಣ್ಣಾದ್ರೆ ಅವಳಿಗೆ ಎಲ್ಲಾ ಬಣ್ಣ ಕಾಣುತ್ತಂತೆ. ಆದ್ರೆ ಅವಳಿಗೆ ಮಗ ಹುಟ್ಟಿದ್ರೆ ಅವನಿಗೆ ಬಂದ್ರೂ ಬರಬಹುದಂತೆ.”

“ನನ್ನದು ನನ್ನ ಮಗನಿಗೆ ಬರಲ್ಲ, ಮೊಮ್ಮಗನಿಗೆ ಬರುತ್ತೆ?”

“ಬರಬಹುದು.”

“ಅದು ಹೇಗೆ?”

“ನಂಗೇನ್ ಗೊತ್ತು. ಎರಡು ಕೆಂಪು ಮೀನಿಗೆ ಬರೀ ಬಿಳಿ ಮರಿ ಹುಟ್ಟಲ್ವಾ, ಹಾಗೇ ಇರ್ಬೇಕು.”

ಅತ್ತ ಕಿಕುನೊ ಮೂರು ದಿನ ಮಣೆಯ ಮೇಲೆ ಕೂತು ಎಲ್ಲವನ್ನೂ ಮತ್ತೆ ಆರಿಸಿದರು. ಯಾವೊದಿಂದ ಅಸಾಕೊಳೂ ಬಂದಳು. ತೊಕುಜಿ ‘ಬಣ್ಣ ಬಂದದ್ದು’ ಎಂದು ಉಳಿಸಿದ್ದವುಗಳಲ್ಲಿ ಹೆಚ್ಚಿನವು ನೀರುನೀರಾದ ಹಳದಿಯಲ್ಲೇ ನಿಂತುಬಿಟ್ಟವು, ಕೆಲವು ಬಿಳಿಚಿಕೊಂಡವು. ಶಿಗೆಮಾತ್ಸು ಅವರ ತೊಟ್ಟಿಯಿಂದ ಮರಳಿದವು ಮಾತ್ರ ಬೇರೆಯೇ. ಅವುಗಳಲ್ಲಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕಿಕುನೊ ಬಹಳ ಹೊತ್ತು ನೋಡಿದರಂತೆ. ಜಾಗ ಬಿಡಿಸಿ ಹಾಕಿದ್ದು, ಉಪ್ಪು, ಹಸಿರು ನೀರು, ದಿನಕ್ಕೆ ಮೂರು ಹೊತ್ತು ಬದುಕಿರುವ ಮೇವು, ಗಾಬರಿಯಲ್ಲಿ ಮಾಡಿದ್ದರಲ್ಲಿ ಯಾವುದು ನಾಟಿತೋ ಹೇಳುವುದು ಕಷ್ಟ. ಬಣ್ಣ ಕೆಂಪಾಗಿ ಏರಿದ್ದಷ್ಟೇ ಅಲ್ಲ, ಮೈ ಕೂಡ ಆ ವರ್ಷ ಬೇರೆ ಯಾರ ಕೊಳದಲ್ಲೂ ಹಾಗೆ ತುಂಬಿರಲಿಲ್ಲ.

“ಬಾಲ ಸೊಟ್ಟ ಇರೋದು ಒಂದೂ ಇಲ್ಲ,” ಎಂದರು ಅಳಿಯ ಮನೆಗೆ ಬಂದಾಗ.

“ಅದನ್ನ ಮೊದಲೇ ತೆಗೆದಿದ್ದೆ ಅತ್ತೆ. ಅದು ಕಾಣುತ್ತೆ ನಂಗೆ.”

“ಹೂಂ,” ಎಂದರು ಕಿಕುನೊ. ಎರಡನೇ ಕೊಳದ ಮಾತು ಅವರು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆ ಕೊಳ ಆ ವರ್ಷ ಹೆಚ್ಚುಕಡಿಮೆ ಬರಿದಾಗಿಯೇ ಉಳಿಯಿತು. ಮುಂದಿನ ವರ್ಷದಿಂದ ಮೈ ನೋಡಿ ಆರಿಸುವ ಮೊದಲ ಎರಡು ಸುತ್ತು ತೊಕುಜಿಯದು, ಬಣ್ಣ ನೋಡುವ ಕೊನೆಯದು ಹೆಂಗಸರದು ಎಂದು ತಾನಾಗಿಯೇ ರೂಢಿಯಾಯಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ.

ಮಿತ್ಸುಯೊಳ ಅಪ್ಪ ಹೆದರಿದ್ದಂತೆ ಕಿಕುನೊ ಬಾಯಿಂದ ಊರಿಗೆಲ್ಲ ತಿಳಿಯಿತು. ಬೈದವರು ಕಡಿಮೆ. ಆದರೆ ಸಿಕ್ಕಸಿಕ್ಕವರೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿದು, “ಅಳಿಯಾ, ಇದು ನಿಂಗೆ ಹೇಗ್ ಕಾಣುತ್ತೆ?” ಎಂದು ಕೇಳತೊಡಗಿದರು. ಟೊಮೇಟೊ, ಸೈಕಲ್ಲು, ಮುಕಾಯಿಯ ಲಾರಿಯ ಹಿಂದಿನ ದೀಪ. ಏನು ಹೇಳುವುದು? ಅದು ಅವನಿಗೆ ಅದರ ಹಾಗೆಯೇ ಕಾಣುತ್ತಿತ್ತು. ಬೇರೆಯವರಿಗೆ ಹೇಗೆ ಕಾಣುತ್ತದೆಂದು ತಿಳಿದಿದ್ದರಲ್ಲವೇ ತನಗೆ ಹೇಗೆ ಕಾಣುತ್ತದೆಂದು ಹೇಳುವುದು? ಶಿಗೆಮಾತ್ಸು ಒಬ್ಬರೇ ಒಂದು ದಿನ ಬೇರೆ ಪ್ರಶ್ನೆ ಕೇಳಿದರು: “ನಿಜ ಹೇಳು, ಬರೀ ಉಪ್ಪೇನಾ?”

ಆಗಸ್ಟ್ ಕೊನೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ತಿಂಗಳು ತುಂಬಿದ ಮೇಲೆ ದೇವಸ್ಥಾನಕ್ಕೆ ಕರೆದೊಯ್ಯುವ ದಿನ ಯೋಶಿನೊದಿಂದ ತೊಕುಜಿಯ ಅಮ್ಮ ಕಳಿಸಿದ್ದ ರೇಷ್ಮೆ ಬಟ್ಟೆಯನ್ನು ಕಿಕುನೊ ಮಗುವಿನ ಮೇಲೆ ಹೊದಿಸಿದರು. ತೊಕುಜಿ ಬಗ್ಗಿ ನೋಡಿದ. ಯಾರನ್ನೂ ಎಂದೂ ಕೇಳದಿದ್ದ ಮಾತು ಅಂದು ಸಲೀಸಾಗಿ ಬಾಯಿಗೆ ಬಂತು.

“ಇದು ಯಾವ ಬಣ್ಣ?”

“ದಾಳಿಂಬೆ ಹೂವಿಂದು,” ಎಂದಳು ಮಿತ್ಸುಯೊ.

“ಎಲ್ಲಿಯ ದಾಳಿಂಬೆ. ಇದು ಅರಗಿನ ಬಣ್ಣ,” ಎಂದರು ಕಿಕುನೊ.

“ಅರಗು ಇನ್ನೂ ಕಪ್ಪಿರುತ್ತಮ್ಮ. ಬೆಳಕಿಗೆ ಹಿಡಿದು ನೋಡು.”

“ನಲವತ್ತು ವರ್ಷ ಕೆಂಪು ನೋಡಿದ್ದೀನಿ ನಾನು. ನಂಗೆ ಹೇಳ್ಕೊಡ್ಬೇಡ.”

ಇಬ್ಬರೂ ಬಟ್ಟೆಯ ಒಂದೊಂದು ತುದಿ ಹಿಡಿದು ಬಾಗಿಲಿನತ್ತ ಎಳೆದರು. ಮಗು ಅಳಲು ಶುರುಮಾಡಿತು. ತೊಕುಜಿ ಅದನ್ನು ಎತ್ತಿಕೊಂಡು, ಇವರಿಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದೆ, ಅಂಗಳಕ್ಕಿಳಿದು ಕಾಯುತ್ತಾ ನಿಂತ.